ಇಪ್ಪತ್ತನಾಲ್ಕು ಕೆಟ್ಟ ಕವಚಗಳು

ಹನ್ನೊಂದು ವರ್ಷ ಬಿಡದೆ ಎರಡನೆಯವನಾಗಿ ಬರುವುದು ಸಣ್ಣ ಸಾಧನೆಯಲ್ಲ. ಟರ್ಕಿ ಹಾಲೊ ಬಂದೂಕು ಕ್ಲಬ್ಬಿನಲ್ಲಿ ಅದನ್ನು ಸಾಧಿಸಿದ ಏಕೈಕ ಮನುಷ್ಯ ವರ್ಲಿನ್ ಸ್ಟಾಫರ್. ಆದರೆ ಪೆನ್ಸಿಲ್ವೇನಿಯಾದ ಆ ಗುಡ್ಡಗಾಡಿನ ಜನಕ್ಕೆ ಇಂಥ ಸಾಧನೆಯ ಬೆಲೆ ಗೊತ್ತಿಲ್ಲ. ಕ್ಲಬ್ಬಿನ ಗೋಡೆಯ ಓಕ್ ಹಲಗೆಯ ಮೇಲೆ ಅವರು ಗೆದ್ದವನ ಹೆಸರನ್ನಷ್ಟೇ ಕೆತ್ತುತ್ತಾರೆ. ಎರಡನೆಯವನಿಗೆ ಒಂದು ಹೊಗೆಹಾಕಿದ ಹಂದಿತೊಡೆ ಮತ್ತು ಒಂದಿಷ್ಟು ಚಪ್ಪಾಳೆ. ವರ್ಲಿನ್ ಹನ್ನೊಂದು ಹಂದಿತೊಡೆ ತಿಂದು ಅರಗಿಸಿಕೊಂಡಿದ್ದ. ಅರಗದೆ ಉಳಿದದ್ದು ಹಲಗೆಯ ಮೇಲೆ ಹನ್ನೊಂದು ಸಲ ಕೆತ್ತಿದ್ದ ಹೆಸರು: ಎಲ್ವುಡ್ ಹಾಸ್ಟೆಟರ್.

ಎಲ್ವುಡ್ ಜಂಬದ ಮನುಷ್ಯನಾಗಿದ್ದರೆ ವರ್ಲಿನ್ ಎಷ್ಟೋ ಸುಖವಾಗಿರುತ್ತಿದ್ದ. ನೆಮ್ಮದಿಯಿಂದ ದ್ವೇಷಿಸಬಹುದಿತ್ತು. ಆದರೆ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಎಲ್ವುಡ್ ಪ್ರತಿ ವರ್ಷ ಗೆದ್ದ ಮೇಲೆ ನೇರವಾಗಿ ಬಂದು ಇವನ ಬೆನ್ನು ತಟ್ಟುತ್ತಿದ್ದ.

"ಮುಂದಿನ್ ವರ್ಷ ನಿಂದೇ ಕಣೋ ವರ್ಲಿನ್. ನಂಗಂತೂ ಕಣ್ಣು ಮಂಜಾಗ್ತಾ ಇದೆ."

ಮಂಜಾದ ಆ ಕಣ್ಣಿನಿಂದಲೇ ಅವನು ನೂರು ಗಜ ದೂರದ ಕಾಗದಕ್ಕೆ ಐದು ಗುಂಡು ಹೊಡೆದು ಒಂದೇ ತೂತು ಮಾಡುತ್ತಿದ್ದ. ನಲವತ್ತು ವರ್ಷ ಉಪಕರಣ ಕಾರ್ಖಾನೆಯಲ್ಲಿ ಕೂದಲನ್ನು ಹತ್ತು ಪಾಲು ಮಾಡಿ ಅಳೆದು ಬದುಕಿದ ವರ್ಲಿನ್‌ಗೆ ಇದು ಸಹಿಸಲಾಗದ ಅನ್ಯಾಯವಾಗಿ ಕಂಡಿತು. ಈಗ ಅವನಿಗೆ ಅರವತ್ತೊಂಬತ್ತು. ಬೆಳಗಿನ ಕಾಫಿ ಹಿಡಿದರೆ ಬಲಗೈ ಸ್ವಲ್ಪ ನಡುಗುತ್ತಿತ್ತು. ಬರುವ ಬೇಸಿಗೆಯ ಪಂದ್ಯ ತಪ್ಪಿದರೆ ಆ ಹಲಗೆಯ ಮೇಲೆ ತನ್ನ ಹೆಸರು ಬರುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ನೆನೆದಾಗಲೆಲ್ಲ ಅವನಿಗೆ ಅಳು ಬರುವಷ್ಟು ಸಂಕಟವಾಗುತ್ತಿತ್ತು.

ಆದ್ದರಿಂದ ಅವನು ಅಪರಾಧಿಯಾಗಲು ತೀರ್ಮಾನಿಸಿದ. ಅದನ್ನೂ ಅಚ್ಚುಕಟ್ಟಾಗಿಯೇ ಮಾಡಬೇಕಷ್ಟೆ.

ಎಲ್ವುಡ್‌ನ ಗುಟ್ಟು ಕ್ಲಬ್ಬಿಗೆಲ್ಲ ಗೊತ್ತಿದ್ದ ಗುಟ್ಟು. ಇಬ್ಬರೂ ಹೊಡೆಯುತ್ತಿದ್ದದ್ದು ಯಾವ ಅಂಗಡಿಯಲ್ಲೂ ಸಿಗದ ತೋಟಾ. ಇಂಥದಕ್ಕೆ ಈ ಜನ ಕಾಡುಬೆಕ್ಕು ಎನ್ನುತ್ತಾರೆ. ಕಾರ್ಖಾನೆಯಲ್ಲಿ ಮಾಡಿದ, ಮದ್ದು ಗುಂಡು ತುಂಬುವ ಹಿತ್ತಾಳೆ ಕವಚವನ್ನು ತಂದು, ಕತ್ತು ಕಿರಿದು ಮಾಡಿ, ಹೆಗಲು ಹಿಂದಕ್ಕೆ ತಳ್ಳಿ, ಕತ್ತಿನ ಹೊರಮೈ ತುರಿದು ಸಮ ಮಾಡಿ, ತಮ್ಮ ಬಂದೂಕಿನಲ್ಲೇ ಒಮ್ಮೆ ಹೊಡೆದು, ತೋಟಾ ಕೂರುವ ಅದರ ಗೂಡಿಗೆ ಸರಿಯಾಗಿ ಉಬ್ಬಿಸಿಕೊಳ್ಳಬೇಕು. ಹೀಗೆ ಪಳಗಿಸಿದ ಕವಚವನ್ನೇ ಮತ್ತೆ ಮತ್ತೆ ತುಂಬಿ ಹೊಡೆಯುತ್ತಾರೆ. ಸಾವಿರ ಕವಚದಲ್ಲಿ ಆರಿಸಿ ತೆಗೆದ ಇಪ್ಪತ್ತನಾಲ್ಕು ಎಲ್ವುಡ್‌ನ ಬಳಿ ಇದ್ದವು. ಹನ್ನೊಂದು ವರ್ಷವೂ ಅವನು ಗೆದ್ದದ್ದು ಅವುಗಳಿಂದಲೇ.

ಅವು ಕಾಣೆಯಾದರೆ ಗಲಾಟೆಯಾಗುತ್ತದೆ, ಪಂದ್ಯ ಮುಂದೆ ಹೋಗುತ್ತದೆ. ಅವುಗಳ ಜಾಗದಲ್ಲಿ ಅಂಥವೇ ಕಾಣುವ ಇಪ್ಪತ್ತನಾಲ್ಕು ಕೆಟ್ಟ ಕವಚ ಕೂತರೆ? ಗುಂಡು ಚದುರುತ್ತದೆ, ಎಲ್ವುಡ್ ತನ್ನ ಕಣ್ಣನ್ನು ಬೈದುಕೊಳ್ಳುತ್ತಾನೆ, ಮುಗಿಯಿತು. ಕ್ಲಬ್ಬಿನವರೆಲ್ಲ ಬಂದೂಕಿನ ಗೂಡು ಕೊರೆಯಲು ಒಂದೇ ಕಟ್ಟರನ್ನು ಕೈಯಿಂದ ಕೈಗೆ ಕೊಟ್ಟುಕೊಳ್ಳುವ ಪದ್ಧತಿಯಿದ್ದುದರಿಂದ ವರ್ಲಿನ್‌ನ ಬಂದೂಕಿನಲ್ಲಿ ಉಬ್ಬಿಸಿದ ಕವಚ ಎಲ್ವುಡ್‌ನದಕ್ಕೂ ಸಲೀಸಾಗಿ ಕೂರುತ್ತಿತ್ತು. ಅಪರಾಧಕ್ಕೆ ಕ್ಲಬ್ಬೇ ಇಷ್ಟು ಅನುಕೂಲ ಮಾಡಿಕೊಟ್ಟಿರುವಾಗ ಮಾಡದಿರುವುದು ಕೃತಘ್ನತೆಯಾಗುತ್ತದೆ.

ನವೆಂಬರಿನಲ್ಲಿ ಅವನು ನೆಲಮಾಳಿಗೆಯ ಲೇತಿನ ಮುಂದೆ ಕೂತ. ಹಳೆಯ ಬಕೆಟ್ಟಿನಲ್ಲಿ ಅಗ್ಗದ ಐನೂರು ಕವಚಗಳಿದ್ದವು. ಒಂದು ಪಕ್ಕ ದಪ್ಪ, ಒಂದು ಪಕ್ಕ ತೆಳು. ಗುಂಡನ್ನು ದಾರಿ ತಪ್ಪಿಸುವುದಕ್ಕೆ ಇಂಥವೇ ಬೇಕು. ಅವನು ಸಂತೋಷದಿಂದ ತೀರಾ ವಕ್ರವಾದವನ್ನು ಆರಿಸತೊಡಗಿದ. ಆಮೇಲೆ ಎಲ್ವುಡ್ ಬಳಿ ಕವಚದ ಗೋಡೆಯ ದಪ್ಪ ಅಳೆಯುವ ಮಾಪಕವಿರುವುದು ನೆನಪಾಯಿತು. ಪಂದ್ಯದ ಬೆಳಿಗ್ಗೆ ಅವನು ಸುಮ್ಮನೆ ಒಂದೆರಡನ್ನು ಅಳೆದು ನೋಡುವ ಚಾಳಿಯವನು. ವಕ್ರವಾದವನ್ನೆಲ್ಲ ವರ್ಲಿನ್ ಹಲ್ಲು ಕಚ್ಚಿ ಪಕ್ಕಕ್ಕಿಟ್ಟ. ಸಮವಾದವು ಮಾತ್ರ ಉಳಿದವು.

ಹೋಗಲಿ, ಕತ್ತನ್ನಾದರೂ ಕೆಡಿಸೋಣವೆಂದುಕೊಂಡ. ಆದರೆ ಗೂಡು ಬಿಗಿ. ಕತ್ತಿನಲ್ಲಿ ಎಳ್ಳಷ್ಟು ಹೆಚ್ಚುಕಡಿಮೆಯಾದರೂ ಬಂದೂಕಿನ ಬೋಲ್ಟು ಮುಚ್ಚುವಾಗಲೇ ಹಿಡಿದುಕೊಂಡು ಎಲ್ವುಡ್‌ಗೆ ಗೊತ್ತಾಗಿಬಿಡುತ್ತದೆ. ಆದ್ದರಿಂದ ಕತ್ತುಗಳನ್ನು ತನ್ನ ನಲವತ್ತು ವರ್ಷದ ಕಸುಬನ್ನೆಲ್ಲ ಸುರಿದು ತುರಿದ. ತೂಕ? ಎಲ್ವುಡ್ ತೂಗುತ್ತಾನೆ. ಹಾಗಾಗಿ ಕೂದಲೆಳೆಯಷ್ಟೂ ವ್ಯತ್ಯಾಸವಿರದ ಇಪ್ಪತ್ತನಾಲ್ಕನ್ನು ಹುಡುಕಿದ. ಹೊಸ ಹೊಳಪು ಅನುಮಾನ ತರಬಾರದೆಂದು ಬೆಂಕಿಯಲ್ಲಿ ಒಂದೊಂದರ ಕತ್ತನ್ನೂ ಹದವಾಗಿ ಕಾಯಿಸಿದ. ಮೂರು ಮೂರು ಸಲ ಹೊಡೆದು ಗೂಡಿಗೆ ಒಗ್ಗಿಸಿದ. ಎಲ್ವುಡ್‌ನ ಕವಚದ ಅಂಚಿನಲ್ಲಿದ್ದ ಅರದ ಪುಟ್ಟ ಗೀರನ್ನೂ ಅದೇ ಜಾಗದಲ್ಲಿ, ಅದೇ ಆಳಕ್ಕೆ ಎಳೆದ.

ಒಂದು ಮಧ್ಯಾಹ್ನ ಹೆಂಡತಿ ಲೋಯಿಸ್ ಸೂಪಿನ ಬಟ್ಟಲು ಹಿಡಿದು ಮೆಟ್ಟಿಲಿಳಿದು ಬಂದಳು.

"ಅಯ್ಯೋ, ಮದುವೆ ಹೆಣ್ಣಿಗೂ ಯಾರೂ ಇಷ್ಟು ಸಿಂಗಾರ ಮಾಡಲ್ಲ. ಯಾರಿಗೆ ಇದು?"

"ಇವು ಕೆಟ್ಟವು ಕಣೇ. ಸುಮ್ನೆ, ಪರೀಕ್ಷೆಗೆ."

"ಕೆಟ್ಟವಕ್ಕೇ ಹಿಂಗಾದ್ರೆ ಅಡುಗೆಮನೆ ನಲ್ಲೀನೂ ಕೆಟ್ಟಿದೆ. ಅದನ್ನೂ ಒಂಚೂರು ಪರೀಕ್ಷೆ ಮಾಡು."

ನಲ್ಲಿ ಹಾಗೆಯೇ ಸೋರುತ್ತಿತ್ತು. ಮೇ ತಿಂಗಳ ಹೊತ್ತಿಗೆ ಇಪ್ಪತ್ತನಾಲ್ಕು ಕೆಟ್ಟ ಕವಚಗಳು ಸಿದ್ಧವಾದವು. ಅವುಗಳಲ್ಲಿ ಕೆಟ್ಟದ್ದು ಏನು ಉಳಿದಿದೆಯೆಂದು ಯಾರಾದರೂ ಕೇಳಿದ್ದರೆ ವರ್ಲಿನ್ ಅವನನ್ನು ಮುಟ್ಠಾಳ ಎನ್ನುತ್ತಿದ್ದ. ಅಗ್ಗದ ಬಕೆಟ್ಟಿನಿಂದ ಬಂದವಲ್ಲವೇ? ಹುಟ್ಟೇ ಸರಿಯಿಲ್ಲ! ಇವುಗಳ ಗಡಿಬಿಡಿಯಲ್ಲಿ ಅವನು ತನ್ನ ಸ್ವಂತ ಪಂದ್ಯದ ಕವಚಗಳನ್ನು ಇಡೀ ಚಳಿಗಾಲ ಮುಟ್ಟಿಯೂ ನೋಡಿರಲಿಲ್ಲ.

ಜೂನ್ ತಿಂಗಳ ಶುಕ್ರವಾರ, ಪಂದ್ಯದ ಹಿಂದಿನ ದಿನ, ಎಲ್ಲರೂ ಬಂದು ತಗಡಿನ ಚಾವಣಿಯ ಕೆಳಗಿನ ಮೇಜುಗಳ ಮೇಲೆ ತೋಟಾ ತುಂಬುವ ಸಾಮಾನು ಹರಡಿದರು. ಮಧ್ಯಾಹ್ನ ಊಟದ ಗಂಟೆ ಬಾರಿಸಿದಾಗ ಎಲ್ಲವನ್ನೂ ಹಾಗೆಯೇ ಬಿಟ್ಟು ಹೋದರು. ಇನ್ನೊಬ್ಬನ ಮೇಜು ಮುಟ್ಟಿದವನಿಗೆ ಕ್ಲಬ್ಬಿನ ಬಾಗಿಲು ಕಾಯಂ ಆಗಿ ಮುಚ್ಚಿದಂತೆ. ಅದಕ್ಕೇ ಯಾರೂ ಬೀಗ ಹಾಕುವುದಿಲ್ಲ, ಕಾವಲೂ ಇಡುವುದಿಲ್ಲ. ಪಂದ್ಯದ ಕವಚಗಳನ್ನು ಎಲ್ವುಡ್ ಶನಿವಾರ ಬೆಳಗಿನವರೆಗೆ ತೆಗೆಯುವುದಿಲ್ಲವೆಂದೂ ಎಲ್ಲರಿಗೂ ಗೊತ್ತು. ವರ್ಲಿನ್ ಟೋಪಿ ಮರೆತವನಂತೆ ಹಿಂದಕ್ಕೆ ಬಂದ. ನಲವತ್ತು ಸೆಕೆಂಡು ಸಾಕಾಯಿತು. ಕೈ ಒಂದಿಷ್ಟೂ ನಡುಗಲಿಲ್ಲ, ಅದಕ್ಕೆ ಅವನಿಗೇ ಹೆಮ್ಮೆಯಾಯಿತು. ಅಸಲಿ ಕವಚಗಳು ಜೇಬಿನಿಂದ ನೇರವಾಗಿ ಕ್ಲಬ್ಬಿನ ಹಿಂದೆ ಬೀವರ್ ಪ್ರಾಣಿಗಳು ಕಟ್ಟೆ ಕಟ್ಟಿದ್ದ ಕೊಳದ ತಳಕ್ಕೆ ಹೋದವು. ಆಮೇಲೆ ಅವನು ಎರಡು ತುಂಡು ಬೆಲ್ಲದ ಪೈ ತಿಂದ, ಎಲ್ವುಡ್‌ನ ಪಕ್ಕದಲ್ಲೇ ಕೂತು.

ಶನಿವಾರ ಗಾಳಿ ತಣ್ಣಗಿತ್ತು. ಎಲ್ವುಡ್ ಬೆಳಿಗ್ಗೆ ತುಂಬಾ ಹೊತ್ತು ತನ್ನ ಮೇಜಿಗೆ ಬಾಗಿ ಕೂತಿದ್ದ, ಯಾವತ್ತಿನ ಹಾಗೆ ಹರಟಲಿಲ್ಲ. ಕಣ್ಣು ಮಂಜಾದವನ ಚಿಂತೆ ಎಂದುಕೊಂಡು ವರ್ಲಿನ್ ಒಳಗೊಳಗೇ ಕನಿಕರಪಟ್ಟ. ಕನಿಕರಪಡುವುದು ಇಷ್ಟು ರುಚಿಯಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಮೊದಲ ಕಾಗದದಲ್ಲಿ ಎಲ್ವುಡ್‌ನ ಐದು ಗುಂಡುಗಳೂ ಒಂದೇ ತೂತಿನಲ್ಲಿ ಹೋದವು. ಅದೃಷ್ಟವಿರಬೇಕು. ಎರಡನೆಯದರಲ್ಲಿ ತೂತು ಇನ್ನೂ ಚಿಕ್ಕದಾಯಿತು. ಮೂರನೆಯದನ್ನು ಅಳೆಯುವಾಗ ಕ್ಲಬ್ಬಿನ ಕಾರ್ಯದರ್ಶಿ ಡಾಟಿ ಫೆಟರಾಫ್ ಕನ್ನಡಕ ಒರೆಸಿಕೊಂಡು ಎರಡನೇ ಸಲ ಅಳೆದಳು. ಚಳಿಗಾಲವಿಡೀ ಅನಾಥವಾಗಿದ್ದ ತನ್ನ ಕವಚಗಳಿಂದ ವರ್ಲಿನ್ ಪಕ್ಕದಲ್ಲೇ ಒದ್ದಾಡುತ್ತಿದ್ದ. ಐದನೆಯ ಕಾಗದದ ಹೊತ್ತಿಗೆ ಬೇರೆಯವರೆಲ್ಲ ಹೊಡೆಯುವುದನ್ನು ನಿಲ್ಲಿಸಿ ಎಲ್ವುಡ್‌ನ ಹಿಂದೆ ಬಂದು ನಿಂತಿದ್ದರು. ಟರ್ಕಿ ಹಾಲೊದ ಚರಿತ್ರೆಯಲ್ಲೇ ಅಷ್ಟು ಚಿಕ್ಕ ತೂತನ್ನು ಯಾರೂ ಹೊಡೆದಿರಲಿಲ್ಲ. ಎರಡನೆಯ ಸ್ಥಾನ, ಅಭ್ಯಾಸದಂತೆ, ವರ್ಲಿನ್ ಸ್ಟಾಫರ್. ಆದರೂ ಒಂದು ಸಮಾಧಾನವಿತ್ತು: ಯಾರಿಗೂ ಏನೂ ಗೊತ್ತಾಗುವಂತಿರಲಿಲ್ಲ. ಹನ್ನೆರಡನೆಯ ಹಂದಿತೊಡೆ ತೆಗೆದುಕೊಂಡು ತಣ್ಣಗೆ ಮನೆಗೆ ಹೋಗಬಹುದಿತ್ತು.

ಡಾಟಿ ಮೈಕು ಕೊಟ್ಟಾಗ ಎಲ್ವುಡ್ ಎಂದಿನಂತೆ ಬೆನ್ನು ತಟ್ಟಲು ಬರಲಿಲ್ಲ, ನಿಂತಲ್ಲಿಂದಲೇ ತನ್ನ ಬಲಗೈ ಹೆಬ್ಬೆರಳನ್ನು ಎತ್ತಿ ಎಲ್ಲರಿಗೂ ತೋರಿಸಿದ. ಅದು ಕೆಂಪಗೆ ಬೊಬ್ಬೆ ಎದ್ದಿತ್ತು. "ನೋಡ್ರಪ್ಪ ಇದನ್ನ. ಪ್ರತಿ ಗುಂಡಿಗೂ ಕವಚದ ತಳದ ಗುಳಿಗೆ ಕಿಡಿಬಟ್ಟಲು ಒತ್ತಿ ಕೂರಿಸ್ಬೇಕಲ್ಲ, ಪ್ರೈಮರು, ಅದರಿಂದ ಆಗಿದ್ದು. ಹೊಡೆದಷ್ಟೂ ಆ ಗುಳಿ ಸಡಿಲ ಆಗುತ್ತೆ ಅನ್ನೋದು ನಿಮಗೆಲ್ಲ ಗೊತ್ತು. ನನ್ನ ಹಳೇ ಕವಚಗಳು ನಲವತ್ತು ಸಲ ಹೊಡೆಸ್ಕೊಂಡು ಎಷ್ಟು ಸಡಿಲ ಆಗಿದ್ವು ಅಂದ್ರೆ, ಪ್ರೈಮರು ಕೂರಿಸಿದ್ರೆ ಕೂರ್ತಿತ್ತು, ಅಲ್ಲಾಡಿಸಿದ್ರೆ ಬೀಳ್ತಿತ್ತು. ಅವುಗಳ ಕತೆ ಮುಗೀತು, ಈ ಸಲ ಎರಡು ಕಾಗದಾನೂ ದಾಟಲ್ಲ, ಗೆಲ್ಲೋದು ವರ್ಲಿನ್ನೇ ಅಂತ ಮನೇಲಿ ಹೇಳೇ ಬಂದಿದ್ದೆ. ಇವತ್ತು ಬೆಳಿಗ್ಗೆ ಕೂರಿಸೋಕೆ ಹೋದ್ರೆ ಗುಳಿಗಳೆಲ್ಲ ಹೊಸದರ ಥರ ಬಿಗಿ! ಇವು ನನ್ನವೇ ಅಲ್ಲ." ಮೂರು ಸುತ್ತು ತಾನೇ ಆ ಬಿಗಿ ಗುಳಿಗಳಿಗೆ ಪ್ರೈಮರ್ ಒತ್ತಿದ್ದ ವರ್ಲಿನ್‌ನ ಹೆಬ್ಬೆರಳು ತಂತಾನೇ ಮುಷ್ಟಿಯೊಳಗೆ ಸೇರಿಕೊಂಡಿತು. "ಇಂಥ ಕತ್ತು ತುರಿಯೋ ಕೈ ಈ ಸೀಮೇಲಿ ಒಂದೇ ಇರೋದು," ಎಂದ ಎಲ್ವುಡ್, ಈಗ ಅವನ ದನಿಯಲ್ಲಿ ನಗುವಿರಲಿಲ್ಲ. "ನೀನು ನನ್ನ ಮೇಜು ಮುಟ್ಟದೆ ಸುಮ್ನೆ ಊಟ ಮಾಡಿದ್ದಿದ್ರೆ ಸಾಕಿತ್ತಲ್ಲೋ, ವರ್ಲಿನ್." ತಗಡಿನ ಚಾವಣಿಯ ಕೆಳಗೆ ನಿಂತಿದ್ದ ಅರವತ್ತು ಜನರೂ ಒಟ್ಟಿಗೆ ವರ್ಲಿನ್ ಸ್ಟಾಫರ್ ಕಡೆಗೆ ತಿರುಗಿದರು. ಡಾಟಿ ಅವನ ಮುಂದಿದ್ದ ಹಂದಿತೊಡೆಯನ್ನು ಮೆಲ್ಲಗೆ ಎತ್ತಿಕೊಂಡು ಮೂರನೆಯ ಸ್ಥಾನದವನ ಮುಂದಿಟ್ಟಳು.