ನೀಲಿ ಗಿಟಾರೆಂಬ ಸವತಿ

"ಮುಟ್ಟಬ್ಯಾಡ್ರೀ!"

ಕೂಗು ಎಷ್ಟು ಜೋರಾಗಿತ್ತೆಂದರೆ, ವಿದ್ಯಾಗಿರಿಯ ಆ ಮನೆಯ ಪಡಸಾಲೆಯಲ್ಲಿದ್ದವರೆಲ್ಲ ಬಾಯಿಗೆ ಒಯ್ದ ಚಹಾದ ಕಪ್ಪನ್ನು ಹಾಗೆಯೇ ಹಿಡಿದು ತಿರುಗಿ ನೋಡಿದರು.

ಚಂದವ್ವ ಚಾಚಿದ್ದ ಕೈಯನ್ನು ಸರ್ರನೆ ಹಿಂದಕ್ಕೆ ಎಳೆದುಕೊಂಡಳು. ಅವಳ ಬೆರಳಿಗೂ ವಾಯರು ಜೋಡಿಸಿ ಮೇಜಿನ ಮೇಲಿಟ್ಟಿದ್ದ ನೀಲಿ ಎಲೆಕ್ಟ್ರಿಕ್ ಗಿಟಾರಿಗೂ ನಡುವೆ ಒಂದು ಗೇಣು ಕೂಡ ಇರಲಿಲ್ಲ.

ಕೂಗಿದವನು ಅಂದಪ್ಪ, ಬಾಗಲಕೋಟೆ ಪೇಟೆಯ ಅರಿವೆ ಅಂಗಡಿಯವರ ಮಗ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ದೊಡ್ಡ ಕಾಲರಿನ ಅಂಗಿ, ಹಣೆಯಲ್ಲಿ ವಿಭೂತಿ... ಕಾಲಲ್ಲಿ ಮಾತ್ರ ಸವೆದ ಹವಾಯಿ ಚಪ್ಪಲಿ! ಉಳಿದವರೆಲ್ಲ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರೆ, ಇವನೊಬ್ಬ ಮೆಟ್ಟಿಕೊಂಡೇ ಪಡಸಾಲೆಗೆ ಬಂದಿದ್ದ.

'ಏನ್ ಸೊಕ್ಕೋ ಯಪ್ಪಾ!' ಚಂದವ್ವ ಮನಸ್ಸಿನಲ್ಲೇ ಅಂದುಕೊಂಡಳು. ಬಾಯಲ್ಲಿ ಮಾತ್ರ, "ನೋಡಬಾರದೇನ್ರಿ?" ಎಂದಳು.

"ನೋಡ್ರಿ. ಕಣ್ಣಿಲೆ ನೋಡ್ರಿ. ಕೈ ಹಚ್ಚಬ್ಯಾಡ್ರಿ."

ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಬಿಡಲಿಲ್ಲ. ಅವಳ ಬಗಲಿನಲ್ಲಿದ್ದ ಗಂಟನ್ನು ನೋಡಿ ನಕ್ಕ. "ಕಂಬಳ್ಯಾಗ ಏನ ಸುತ್ತಿಕೊಂಡ ಬಂದೀರಿ? ಗಿಟಾರೋ, ಕುರಿ ಮರಿಯೋ?"

ಎಲ್ಲರೂ ನಕ್ಕರು. ಚಂದವ್ವನ ಮುಖ ಕೆಂಪಾಯಿತು.

"ಕುರಿ ಮರಿನ ಅನ್ಕೋರಿ. ನಮ್ಮ ಮನ್ಯಾಗ ಅದನ್ನ ಯಾರ ಬೇಕಾದರೂ ಮುಟ್ಟಬಹುದು!"

ಈಗ ನಗು ಅಂದಪ್ಪನ ಕಡೆ ತಿರುಗಿತು. ಅವನು ಕಿವಿ ಕೆರೆದುಕೊಂಡ.

ಇದು ನಡೆದದ್ದು ಎಂಬತ್ತಮೂರನೇ ಇಸವಿಯಲ್ಲಿ. ಆ ಸೀಮೆಯಲ್ಲಿ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹಿಡಿದವರು ಬೆರಳೆಣಿಕೆಯಷ್ಟು ಜನ. ಆ ಮನೆಯ ಯಜಮಾನರಾದ, ಕಾಲೇಜಿನಲ್ಲಿ ಪಾಠ ಹೇಳುವ ರಾಚಯ್ಯ ಮಾಸ್ತರರು ಅವರನ್ನೆಲ್ಲ ಹುಡುಕಿ ಒಂದು ಬಳಗ ಕಟ್ಟಿದ್ದರು. ತಿಂಗಳಿಗೊಂದು ಭಾನುವಾರ ಎಲ್ಲರೂ ಸೇರಬೇಕು. ತಮ್ಮ ತಮ್ಮ ಗಿಟಾರನ್ನು ಒರೆಸಿ, ಮೇಜಿನ ಮೇಲಿಟ್ಟು, ಎಲ್ಲಿಂದ ತರಿಸಿದ್ದು, ಹೇಗೆ ಸಿಕ್ಕಿತು ಎಂದು ಕೊಚ್ಚಿಕೊಳ್ಳಬೇಕು. ಅಂದಪ್ಪನಂತೂ ಸದ್ದು ಹೆಚ್ಚಿಸುವ ತನ್ನದೇ ಆಂಪ್ಲಿಫಾಯರನ್ನು ಪ್ರತಿ ಸಲ ಹೊತ್ತು ತಂದು, 'ಮುಂಬಯಿ ಮಾಲು' ಎಂದು ಮೆರೆಯುತ್ತಿದ್ದ. ಆಮೇಲೆ ಒಂದೊಂದು ಧಾಟಿ ನುಡಿಸಬೇಕು. ಹೊಗಳಿಸಿಕೊಳ್ಳುವುದಕ್ಕೆಂದೇ ಸೇರುವ ಸಂಘ ಅದು, ಮುಚ್ಚುಮರೆ ಯಾಕೆ!

ಚಂದವ್ವ ಇಲಕಲ್ಲಿನ ಕಂಬಳಿ ವ್ಯಾಪಾರಿ ಅಮಸಿದ್ದಪ್ಪನ ಮಗಳು. ಅವಳ ಸೋದರಮಾವ ಹುಲ್ಲಪ್ಪ ಮುಂಬಯಿಯ ಗಿರಣಿಯಲ್ಲಿದ್ದಾಗ ಗಿಟಾರು ಕಲಿತಿದ್ದ. ಯಂತ್ರಕ್ಕೆ ಬೆರಳು ಕೊಟ್ಟ ಮೇಲೆ ಊರಿಗೆ ಬಂದವನು, ತನ್ನ ಹಳೆಯ ಕಂದು ಗಿಟಾರನ್ನು ಸೋದರಸೊಸೆಯ ತೊಡೆಯ ಮೇಲಿಟ್ಟು, "ಇನ್ನ ಮ್ಯಾಲೆ ನಿನ್ನ ಬೆರಳು, ನನ್ನ ಕಿವಿ" ಎಂದಿದ್ದ. ಅಂದಿನಿಂದ ಅದಕ್ಕೆ ಮನೆಯ ಕರಿ ಕಂಬಳಿಯೇ ಹೊದಿಕೆ.

ಆ ಮೊದಲ ದಿನ ಚಂದವ್ವ ನುಡಿಸುವಾಗ ಅವಳ ಗಿಟಾರಿಗೆ ಒಂದು ತಂತಿಯೇ ಇರಲಿಲ್ಲ. ಅದಿಲ್ಲದೆಯೂ ಅವಳು ತನ್ನವರಾದ ಹಾಲುಮತದ ಕುರುಬರ ಡೊಳ್ಳಿನ ಹಾಡಿನ ಧಾಟಿಯನ್ನು ಎಳೆಎಳೆಯಾಗಿ ನುಡಿಸಿದಳು. ಅಂದಪ್ಪ ನಗುವುದನ್ನು ಮರೆತು ಕೇಳಿದ.

ಮುಂದಿನ ಸಲ ಅವನು ಹುಬ್ಬಳ್ಳಿಯಿಂದ ತಂತಿ ತಂದಿದ್ದ!

"ತಗೋರಿ. ಕುರಿ ಮರಿ ಅಂದಿದ್ದು ತಪ್ಪಾತು."

"ತಪ್ಪಾತು ಅಂತ ಗೊತ್ತಾಗಾಕ ಇಷ್ಟ ದಿನಾ ಬೇಕಾತೇನ್ರಿ?"

"ಗೊತ್ತ ಅವತ್ತ ಆಗಿತ್ತು. ಹುಬ್ಬಳ್ಳಿ ಬಸ್ ಸಿಗಾಕ ತಡಾ ಆತು."

ಚಂದವ್ವ ನಗಬಾರದೆಂದುಕೊಂಡಿದ್ದಳು. ನಕ್ಕುಬಿಟ್ಟಳು.

ಹಾಗೆ ಶುರುವಾಯಿತು. ಅವನು ಹೊಸ ಧಾಟಿ ಕಲಿತರೆ ಮೊದಲು ಅವಳ ಮುಖ ನೋಡುತ್ತಿದ್ದ. ಅವಳು ಇಲಕಲ್ಲಿನಿಂದ ಬರುವ ಬಸ್ಸು ತಡವಾದರೆ ಬಾಗಿಲಿಗೂ ಬೀದಿಗೂ ಓಡಾಡುತ್ತಿದ್ದ. ಎಲ್ಲ ಸರಿ... ಆದರೆ ಆ ನೀಲಿ ಗಿಟಾರಿನ ಕಡೆ ಅವಳ ಕೈ ಹೋದರೆ ಸಾಕು, ಥಟ್ಟನೆ ಅದನ್ನು ಬೆನ್ನ ಹಿಂದೆ ಸರಿಸುತ್ತಿದ್ದ!

"ಯಾಕ್ರಿ? ನಾ ಏನ ಕಚ್ಚಿ ತಿಂತೇನೇನು?"

"ಅದಲ್ರಿ... ಬ್ಯಾರೆ ಏನರ ಕೇಳ್ರಿ, ಕೊಡ್ತೇನಿ. ಅದೊಂದ ಬ್ಯಾಡ."

ಚಂದವ್ವನಿಗೆ ಹೊಟ್ಟೆ ಉರಿಯುತ್ತಿತ್ತು. ಹೆಣ್ಣಾಗಿದ್ದರೆ ಜುಟ್ಟು ಹಿಡಿದು ಕೇಳಬಹುದಿತ್ತು. ಮರದ ತುಂಡಿನ ಜೊತೆ ಏನು ಜಗಳ ಮಾಡುವುದು? ಅವನು ಮೆತ್ತನೆಯ ಬಟ್ಟೆಯಿಂದ ಅದರ ಮೈ ಒರೆಸುವಾಗ ಅವಳು ಬೇಕೆಂದೇ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು. 'ನಾ ಇವಂಗ ಎರಡನೇದಾಕಿ... ಅದ ಮೊದಲನೇದು!' ಇಂಥ ಯೋಚನೆಗೆ ತನಗೇ ನಾಚಿಕೆಯಾದರೂ, ಉರಿ ಮಾತ್ರ ಕಡಿಮೆಯಾಗುತ್ತಿರಲಿಲ್ಲ.

ಇತ್ತ ಮನೆಯಲ್ಲಿ ಅವ್ವ ಹುಚ್ಚವ್ವ ಗುಡೂರಿನ ಒಂದು ಸಂಬಂಧದ ಮಾತು ಎತ್ತಿದ್ದಳು. "ಹುಡುಗ ಚೊಲೊ ಅದಾನ. ನೀ ಹೂಂ ಅಂದ್ರ ಬರಾಕ ಹೇಳ್ತೇನಿ."

"ನಿಂದರವ್ವ... ಒಂದ ಸ್ವಲ್ಪ ದಿನಾ ನಿಂದರು."

ಯಾಕೆ ನಿಲ್ಲಬೇಕೆಂದು ಅವ್ವ ಕೇಳಲಿಲ್ಲ. ಮಗಳ ಮುಖವನ್ನು ಮಾತ್ರ ಒಮ್ಮೆ ನೋಡಿದಳು.

ಆ ಚಳಿಗಾಲದ ಕೂಟ ಬಾದಾಮಿಯಲ್ಲಿ, ಹೊಂಡದ ಮೆಟ್ಟಿಲ ಮೇಲೆ. ಅಲ್ಲಿ ಕರೆಂಟು ಎಲ್ಲಿಯದು? ಆಂಪ್ಲಿಫಾಯರ್ ಇಲ್ಲದಿದ್ದರೆ ಎಲೆಕ್ಟ್ರಿಕ್ ಗಿಟಾರಿನ ಸದ್ದು ಪಕ್ಕದವರಿಗೂ ಕೇಳುವುದಿಲ್ಲ. ಅದಕ್ಕೆ ಹುನಗುಂದದ ಬ್ಯಾಂಡ್ ಸೆಟ್ಟಿನವರ ಮಗಳು ರೋಷನಬಿ ತಮ್ಮ ಲಾರಿ ಬ್ಯಾಟರಿ, ಅದಕ್ಕೆ ಹೊಂದುವ ಆಂಪ್ಲಿಫಾಯರ್ ಎರಡನ್ನೂ ತಂದಿದ್ದಳು. ಬಳಗಕ್ಕೆ ಅವಳು ಹೊಸಬಳು. ಕಣ್ಣಿಗೆ ಸುರಮಾ, ಬಾಯಿ ತುಂಬ ನಗು, ಜೊತೆಗೆ ಕೆಂಪು ಗಿಟಾರು ಬೇರೆ!

ಚಂದವ್ವನ ಬಸ್ಸು ಅಂದೂ ತಡ. ಓಡೋಡಿ ಮೆಟ್ಟಿಲಿಳಿದವಳು ನಡುವೆಯೇ ನಿಂತುಬಿಟ್ಟಳು.

ನೀಲಿ ಗಿಟಾರು ರೋಷನಬಿಯ ಕೊರಳಲ್ಲಿತ್ತು!

ಅಂದಪ್ಪನೇ ತನ್ನ ಕೈಯಾರೆ ಅದರ ಪಟ್ಟಿಯನ್ನು ಅವಳ ಹೆಗಲಿಗೆ ಏರಿಸುತ್ತಿದ್ದ. ಅಷ್ಟೇ ಅಲ್ಲ... ಯಾರ ಮನೆಯಲ್ಲೂ ಹವಾಯಿ ಚಪ್ಪಲಿ ಬಿಡದ ಆ ಮನುಷ್ಯ ಇಂದು ಬರಿಗಾಲಲ್ಲಿ ನಿಂತಿದ್ದ. ದೇವರ ಮುಂದೆ ನಿಂತ ಹಾಗೆ!

'ನನ್ನ ಕೈ ಹೊಲಸು. ಆಕಿ ಕೈ ಬಂಗಾರ...' ಚಂದವ್ವ ಅಂದುಕೊಂಡಳು.

ಅವಳನ್ನು ಕಂಡದ್ದೇ ಅಂದಪ್ಪನ ಮುಖ ಅರಳಿತು. "ಬಂದ್ರೇನ್ರಿ! ಬರ್ರಿ, ಬರ್ರಿ. ಇವತ್ತ ನೀವೂ ಇದನ್ನ ನುಡಸ್ರಿ!"

"ಎಂಜಲ ಎಲಿ ನನಗ ಬ್ಯಾಡ್ರಿ."

ಹೊಂಡದ ಬಳಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೂಡ ಕೈ ನಿಲ್ಲಿಸಿ ನೋಡಿದರು. ರೋಷನಬಿಯ ನಗು ಮಾಯವಾಯಿತು. ಅಂದಪ್ಪ ಏನೋ ಹೇಳಲು ಬಾಯಿ ತೆರೆದ. ಕೇಳಲು ಚಂದವ್ವ ಅಲ್ಲಿದ್ದರೆ ತಾನೇ? ಕಂಬಳಿಯ ಗಂಟನ್ನು ಎದೆಗವಚಿಕೊಂಡು ಬಂದ ದಾರಿಯಲ್ಲೇ ತಿರುಗಿ ನಡೆದಿದ್ದಳು.

ಮನೆಗೆ ಬಂದವಳೇ, "ಅವ್ವಾ, ಗುಡೂರಿನವರಿಗೆ ಬರಾಕ ಹೇಳು" ಎಂದಳು.

"ಖರೇನ ಹೇಳಾಕತ್ತೀಯೇನು?"

"ಖರೇನ."

ಸಿಟ್ಟಿನಲ್ಲಿ ಆಡಿದ ಮಾತು. ಆದರೂ ಆಡಿದ್ದು ಆಡಿದ್ದೇ. ಗುಡೂರಿನವರು ಒಂದು ಸೋಮವಾರ ಬರುವುದೆಂದು ನಿಶ್ಚಯವಾಯಿತು. ಅದರ ಹಿಂದಿನ ದಿನವೇ ಬಳಗದ ಕೂಟ... ಅದೂ ಚಂದವ್ವನ ಮನೆಯಲ್ಲಿ! ಎಂದೋ ಒಪ್ಪಿಕೊಂಡಿದ್ದು, ಈಗ ಬೇಡ ಎನ್ನುವ ಹಾಗಿರಲಿಲ್ಲ.

'ಬರ್ಲಿ. ನಾಳೆ ನಾ ಬ್ಯಾರೆಯವರ ಮನಿ ಹುಡುಗಿ. ಇವತ್ತೊಂದ ದಿನಾ ಕಣ್ಣಾಗ ನೀರ ಬರಬಾರದು.' ಭಾನುವಾರ ಬೆಳಿಗ್ಗೆ ಪಡಸಾಲೆಯ ಕೆಂಪು ಕಲ್ಲಿನ ನೆಲಕ್ಕೆ ನೀರು ಸುರಿದು, ಸಿಟ್ಟನ್ನೆಲ್ಲ ತಿಕ್ಕಿ ತಿಕ್ಕಿ ತೊಳೆದಳು. ಅಪ್ಪ ಸಂತೆಗೆ ಹೋಗಿದ್ದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

ನೆಲ ಒಣಗುವ ಮೊದಲೇ ಎಲ್ಲರೂ ಬಂದರು. ರಾಚಯ್ಯ ಮಾಸ್ತರರು, ಉಳಿದವರು, ರೋಷನಬಿ. ಎಲ್ಲರಿಗಿಂತ ಕೊನೆಗೆ ಅಂದಪ್ಪ. ಅದೇ ಹವಾಯಿ ಚಪ್ಪಲಿ!

'ಬಾದಾಮ್ಯಾಗ ಆಕಿ ಮುಂದ ಬರಿಗಾಲು. ನನ್ನ ಮನ್ಯಾಗ ಚಪ್ಪಲಿ!'

ಅವನು ತನ್ನ ಆಂಪ್ಲಿಫಾಯರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಗಿಟಾರಿಗೆ ವಾಯರು ಜೋಡಿಸಿ, ಅದನ್ನು ಮೇಜಿನ ಮೇಲಿಟ್ಟ. "ಚಂದವ್ವಾರ, ನಿಮ್ಮ ಜೋಡಿ ಒಂದ ಮಾತ..." ಎಂದು ಹತ್ತಿರ ಬಂದ.

"ಮಾತ ಬ್ಯಾಡ. ಊರಾನವರೆಲ್ಲ ಮುಟ್ಟಿದ್ದನ್ನ ಇವತ್ತ ನಾನೂ ಮುಟ್ಟಾಕಿ!"

"ಮುಟ್ಟಬ್ಯಾಡ್ರೀ!"

ಮೊದಲ ದಿನದ್ದೇ ಕೂಗು. ಈ ಸಲ ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ಗಿಟಾರಿನ ಕುತ್ತಿಗೆಯನ್ನು ತಂತಿ ಸಮೇತ ಗಟ್ಟಿಯಾಗಿ ಹಿಡಿದು ಎತ್ತಿದಳು.

ಮರುಕ್ಷಣ ಅವಳ ಮೈಯೆಲ್ಲ ನಡುಗಿತು. ಬಿಡಬೇಕೆಂದರೂ ಬೆರಳು ಬಿಡಲಿಲ್ಲ. ಕೂಗಬೇಕೆಂದರೂ ದನಿ ಹೊರಡಲಿಲ್ಲ!

ಅಂದಪ್ಪ ಹಾರಿ ಬಂದು ವಾಯರನ್ನು ಕಿತ್ತೆಸೆದ. ಚಂದವ್ವನ ಕೈಯಿಂದ ಗಿಟಾರು ಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಟಪ್ಪೆಂದು ಅದರ ಕುತ್ತಿಗೆ ಮುರಿಯಿತು.

ಇಡೀ ಬಳಗ ಗಿಟಾರನ್ನು ನೋಡಿ "ಅಯ್ಯಯ್ಯೋ!" ಎಂದಿತು. ಅಂದಪ್ಪನೊಬ್ಬ ಅದರ ಕಡೆ ತಿರುಗಿಯೂ ನೋಡಲಿಲ್ಲ. ಕುಸಿದು ಕೂತ ಚಂದವ್ವನ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ತಿಕ್ಕುತ್ತಿದ್ದ.

"ಮಾತಾಡ್ರಿ... ಒಂದ ಮಾತ ಆಡ್ರಿ... ಬೈರಿ ಬೇಕಾದರ!"

"ನಿಮ್ಮ... ನಿಮ್ಮ ಗಿಟಾರ ಮುರೀತು..." ಎಂದಳು ಚಂದವ್ವ.

"ಬೆಂಕಿ ಬೀಳ್ಲಿ ಗಿಟಾರಿಗೆ!"

ಹುಚ್ಚವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅವಳಿಗೆ ಕಂಡದ್ದು, ಮಗಳ ಕೈ ಹಿಡಿದುಕೊಂಡು ಅಳುತ್ತಿದ್ದ ಒಬ್ಬ ಗಂಡಸು.

ಅಂದಪ್ಪ ಎಲ್ಲರ ಮುಂದೆ ತಲೆ ತಗ್ಗಿಸಿಕೊಂಡೇ ಹೇಳಿದ. "ಮುಂಬಯಿ ಮಾಲು, ಮುಂಬಯಿ ಮಾಲು ಅಂತ ನಾ ಜಂಬ ಕೊಚ್ಚಿದ್ನಲ್ರಿ, ಆ ಆಂಪ್ಲಿಫಾಯರು ಮೊದಲಿಂದ ಕರೆಂಟ್ ಹೊಡಿತೈತಿ. ರಿಪೇರಿಗೆ ಕೊಟ್ರೂ ಹೋಗ್ಲಿಲ್ಲ. ರಬ್ಬರ್ ಚಪ್ಪಲಿ ಹಾಕ್ಕೊಂಡ ನಾ ಹೆಂಗೋ ನುಡಸ್ತಿದ್ನಿ. ನಿಮ್ಮೆಲ್ಲಾರ ಮುಂದ ಹೇಳಾಕ ಮಾನ ಅಡ್ಡ ಬಂತು. ಇವರಿಗೆ ಏನರ ಆಗಿದ್ರ ಆ ಮಾನ ತಗೊಂಡ ಏನ ಮಾಡ್ಲಿ!"

ಚಂದವ್ವನಿಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಮೊದಲ ದಿನದ ಕೂಗು... ಬೆನ್ನ ಹಿಂದೆ ಸರಿಯುತ್ತಿದ್ದ ಗಿಟಾರು... ಪಡಸಾಲೆಯಲ್ಲೂ ಬಿಡದ ಚಪ್ಪಲಿ...

"ಮತ್ತ ಬಾದಾಮ್ಯಾಗ?"

ಉತ್ತರ ಕೊಟ್ಟವಳು ರೋಷನಬಿ. "ಅದು ಬ್ಯಾಟರಿ ತಂಗೀ! ಬ್ಯಾಟರಿ ಹಂಗ ಹೊಡಿಯೂದಿಲ್ಲ. ಅವತ್ತ ಬೆಳಗಿಂದ ಇವಾ ನನ್ನ ಜೀವಾ ತಿಂದಾನ. 'ಖರೇನ ಹೊಡಿಯೂದಿಲ್ಲಲ್ಲಾ? ಅವರು ಮುಟ್ಟಿದ್ರ ಏನೂ ಆಗೂದಿಲ್ಲಲ್ಲಾ?' ಮೊದಲ ತಾನ ಬರಿಗಾಲಿಲೆ ನಿಂತ ನೋಡ್ದಾ. ಅಷ್ಟಕ್ಕೂ ನಂಬಿಕಿ ಬರ್ಲಿಲ್ಲಂತ ನನ್ನ ಕೊಳ್ಳಿಗೆ ಹಾಕಿ ನೋಡ್ದಾ. ನಿನಗ ಕೊಡೂ ಸಲುವಾಗಿ ನಾ ಪರೀಕ್ಷೆಗೆ ಕುಂತ್ರ, ನೀ ನನಗ ಎಂಜಲ ಎಲಿ ಅಂದಿ!"

ಚಂದವ್ವ ಎದ್ದು ಹೋಗಿ ರೋಷನಬಿಯ ಕೈ ಹಿಡಿದಳು. "ತಪ್ಪಾತ ಅಕ್ಕಾ. ಹೊಟ್ಟಿ ಉರಿದಿತ್ತು... ಭಾಳ ಉರಿದಿತ್ತು."

"ಉರೀಬೇಕ ಬಿಡ. ಉರೀದಿದ್ರ ಇವಂಗ ಹೆಂಗ ಗೊತ್ತಾಗಬೇಕು?" ಎಂದು ರೋಷನಬಿ ನಕ್ಕುಬಿಟ್ಟಳು.

ಇಂದು ಯಾರೂ ಪ್ಲಗ್ಗಿನ ತಂಟೆಗೆ ಹೋಗಬಾರದೆಂದು ರಾಚಯ್ಯ ಮಾಸ್ತರರು ಆಜ್ಞೆ ಮಾಡಿದರು. ಎಲ್ಲರೂ ಹಿತ್ತಿಲಲ್ಲಿ ರೊಟ್ಟಿ ಊಟಕ್ಕೆ ಕೂತರು. ಅಂದಪ್ಪ ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಹೋದವನು ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಅವನು ಪಡಸಾಲೆಗೆ ಬಂದಾಗ ಚಂದವ್ವ ನೆಲ ಒರೆಸಿ, ಕರಿ ಕಂಬಳಿ ಹಾಸಿಕೊಂಡು, ತೊಡೆಯ ಮೇಲೆ ಮಾವನ ಗಿಟಾರು ಇಟ್ಟುಕೊಂಡು ಕೂತಿದ್ದಳು.

"ನನ್ನದು ಮುರೀತು. ನಿಮ್ಮದನ್ನ ಒಮ್ಮೆ ನುಡಸ್ಲ್ಯಾ?" ಅಂದಪ್ಪ ಕೈ ಚಾಚಿದ.

"ಮುಟ್ಟಬ್ಯಾಡ್ರೀ!"

ಅಂದಪ್ಪ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡ. ಚಂದವ್ವ ಕಿಲಕಿಲ ನಕ್ಕಳು. "ಹೆಂಗ ಆಗತೈತಿ ನೋಡಿದ್ರಿಲ್ಲ? ಮೊದಲ ಆ ಚಪ್ಪಲಿ ಬಿಡ್ರಿ."

ಅವನು ಚಪ್ಪಲಿ ಬಿಟ್ಟು ಕಂಬಳಿಯ ಅಂಚಿನಲ್ಲಿ ಕೂತ. ಅವಳು ತಲೆ ತಗ್ಗಿಸಿ, ಕಂಬಳಿಯ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿದಳು. "ನಮ್ಮ ಮಂದ್ಯಾಗ ಗಂಡು ಹೆಣ್ಣು ಜೋಡಿ ಆಗಿ ಕಂಬಳಿ ಮ್ಯಾಲೆ ಯಾವಾಗ ಕುಂಡ್ರತಾರ, ಗೊತ್ತೈತೇನ್ರಿ?"

"ಗೊತ್ತೈತಿ. ಮದುವ್ಯಾಗ. ನಿಮ್ಮ ಅವ್ವಾರನ್ನ ಕೇಳೇ ಬಂದ ಕುಂತೇನಿ."

ಚಂದವ್ವನ ಬೆರಳು ನಿಂತಿತು. "ಅವ್ವ... ಏನಂದ್ಲು?"

"ಗುಡೂರಿನವರಿಗೆ ಬರಬ್ಯಾಡ ಅಂತ ಹೇಳಿ ಕಳಸ್ತಾರಂತ. ನಿಮ್ಮ ಅಪ್ಪಾರ ಜೋಡಿ ಮಾತ್ರ ನಾನ ಮಾತಾಡಬೇಕಂತ. ಸಂತಿಯಿಂದ ಬರೂತನಾ ಇಲ್ಲೇ ಇರ್ತೇನಿ."

"ಅಪ್ಪಗ ಸಿಟ್ಟು ಭಾಳ. ಹೆದರಿಕಿ ಬರೂದಿಲ್ಲೇನ್ರಿ?"

"ಬರ್ತೈತಿ. ಚಪ್ಪಲಿ ಹಾಕ್ಕೊಂಡ ಮಾತಾಡ್ತೇನಿ."

ಅವಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಗಿಟಾರನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು.

ಅವನು ನುಡಿಸತೊಡಗಿದ. ಮೊದಲ ದಿನ ಅವಳು ನುಡಿಸಿದ್ದ ಅದೇ ಧಾಟಿ! ಕರೆಂಟಿಲ್ಲದ ಗಿಟಾರು, ಹಿತ್ತಿಲಿನ ಮಾತುಕತೆಯ ನಡುವೆ ಅದರ ಸದ್ದು ಇದ್ದೂ ಇಲ್ಲದಂತಿತ್ತು.

"ಕೇಳಸ್ತೈತೇನು?"

"ಇಲ್ಲ... ಇನ್ನೊಂಚೂರ ಹತ್ರ ಬರ್ಲ್ಯಾ?"

ಅವನು ತಂತಿಯಿಂದ ಕಣ್ಣೆತ್ತಿ ಅವಳನ್ನು ನೋಡಿದ. ಮೊದಲ ಸಲ, ಬರ್ರಿ ಅನ್ನಲಿಲ್ಲ.

"ಬಾ" ಎಂದ.