ಮಾಚಲೆ ಬರೆದ ಮೂರು ಓಲೆ

ಬಹಳ ಕಾಲದ ಹಿಂದೆ, ಏಳು ಬೆಟ್ಟಗಳ ಆಚೆ, ಮಣಿಕೂಟ ಎಂಬ ರಾಜ್ಯವಿತ್ತು. ಅಲ್ಲಿ ಮೂರು ಮಾಯದ ಮೃಗಗಳು ದುಡಿಯುತ್ತಿದ್ದವು. ಕಬ್ಬಿಣದ ಕುದುರೆ ಹಿಟ್ಟಿನ ಕಲ್ಲು ತಿರುಗಿಸುತ್ತಿತ್ತು. ಕಲ್ಲಿನ ಸಿಂಹ ಕೋಟೆಯ ಬಾಗಿಲು ಕಾಯುತ್ತಿತ್ತು. ಕಂಚಿನ ಆನೆ ಕೆರೆಯ ತೂಬು ಎತ್ತಿ ನೀರು ಬಿಡುತ್ತಿತ್ತು. ಓಲೆಯಲ್ಲಿ ಅಪ್ಪಣೆ ಬರೆದು ಬಾಯಿಗಿಟ್ಟರೆ ಬರೆದಂತೆಯೇ ನಡೆಯುತ್ತಿದ್ದವು. ಹೊಸ ಓಲೆ ಬಾಯಿಗೆ ಬಿದ್ದರೆ ಹಳೆಯದು ಸುಟ್ಟುಹೋಗುತ್ತಿತ್ತು.

ಬರೆಯಲು ಮೂರು ನುಡಿಗಳಿದ್ದವು. ಗಡುಸುನುಡಿಯಲ್ಲಿ ಮೂರು ಪದ ಬರೆದರೆ ಮಿಂಚಿನ ವೇಗದಲ್ಲಿ ಕೆಲಸವಾಗುತ್ತಿತ್ತು. ಒಂದಕ್ಷರ ತಪ್ಪಿದರೆ ಮಾತ್ರ ಬರೆದವರಿಗೇ ಕೇಡು. ಕಟ್ಟುನುಡಿಯಲ್ಲಿ ತಪ್ಪು ಬರೆದರೆ ಅಕ್ಷರ ಓಲೆಯ ಮೇಲೆ ನಿಲ್ಲುತ್ತಲೇ ಇರಲಿಲ್ಲ. ತಿಳಿನುಡಿ ಮನೆಮಾತಿನಂತೆ. ಕೆಲಸ ನಿಧಾನ, ಆದರೆ ಯಾರು ಬೇಕಾದರೂ ಓದಬಹುದಿತ್ತು.

ಅರಮನೆಯ ಓಲೆಗಾರ್ತಿ ಮಾಚಲೆಗೆ ಗಡುಸುನುಡಿಯೆಂದರೆ ಪ್ರಾಣ. "ಕಟ್ಟುನುಡಿ ಅಂದರೆ ಕೂತಲ್ಲಿ ನಿಂತಲ್ಲಿ ಹುಳುಕು ಹುಡುಕೋ ಅತ್ತೆ. ತಿಳಿನುಡಿಯಂತೂ ಮಕ್ಕಳಾಟ!" ಎನ್ನುತ್ತಿದ್ದಳು.

ಅವಳ ಗುರು ಕೇತಯ್ಯ ನಗುತ್ತಿದ್ದರು. "ನಿನಗೆ ಹಿಡಿಸೋದು ಬೇರೆ, ಆನೆಗೆ ಬೇಕಾದ್ದು ಬೇರೆ, ಮಗಳೇ."

ಒಂದು ದಿನ ಧೂಮಾಂಗದ ಎಂಬ ಮಾಂತ್ರಿಕ ಬಂಗಾರದ ಲೇಖನಿ ಹಿಡಿದು ಆಸ್ಥಾನಕ್ಕೆ ಬಂದ. "ಏನಾಗಬೇಕು ಅಂತ ಬಾಯಲ್ಲಿ ಹೇಳಿದರೆ ಸಾಕು ಮಹಾಪ್ರಭು, ಇದು ತಾನೇ ಬರೆಯುತ್ತದೆ" ಎಂದ.

ಅರಸ ಬಲ್ಲದೇವ ಕೇತಯ್ಯ, ಮಾಚಲೆ ಇಬ್ಬರನ್ನೂ ಕೇಳಿದ.

"ಅದು ಬರೆದದ್ದನ್ನು ಓದೋಕೆ ನನಗೆ ಬರುತ್ತಿಲ್ಲ, ಪ್ರಭು. ಓದಲಾಗದ ಓಲೆಯನ್ನು ಮೃಗದ ಬಾಯಿಗೆ ಇಡೋದು ಬೇಡ" ಎಂದರು ಕೇತಯ್ಯ.

ಮಾಚಲೆ ಲೇಖನಿಯನ್ನು ಪರೀಕ್ಷಿಸಿದಳು. ಕುದುರೆ ಎರಡು ಪಟ್ಟು ವೇಗವಾಗಿ ಓಡಿತು. ಅವಳಿಗೆ ಖುಷಿಯೋ ಖುಷಿ. "ಗುರುಗಳಿಗೆ ವಯಸ್ಸಾಯಿತು, ಪ್ರಭು. ತೆಗೆದುಕೊಳ್ಳೋಣ" ಎಂದುಬಿಟ್ಟಳು. ಅರಸ ಒಪ್ಪಿದ. ಕೇತಯ್ಯ ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು.

ಒಂಬತ್ತನೆಯ ಬೆಳಗ್ಗೆ ಮೂರೂ ಮೃಗಗಳು ತಿರುಗಿಬಿದ್ದವು. ಕುದುರೆ ಹಿಟ್ಟನ್ನು ಮರಳು ಮಾಡಿತು. ಸಿಂಹ ಕೋಟೆಯ ಬಾಗಿಲು ಮುಚ್ಚಿತು. ಆನೆ ತೂಬಿನ ಕೆಲಸ ಬಿಟ್ಟು ಕೆರೆಯ ಏರಿಯ ಮೇಲೆ ಹೋಗಿ ನಿಂತಿತು.

ಧೂಮಾಂಗದ ಕೋಟೆಯ ಬುರುಜಿನ ಮೇಲಿಂದ ಕೂಗಿದ: "ಲೇಖನಿ ಪ್ರತಿ ಓಲೆಯಲ್ಲೂ ನನ್ನ ಮಾತನ್ನು ಅಡಗಿಸಿಟ್ಟಿದೆ! ಮೂರನೆಯ ದಿನ ಸೂರ್ಯ ಮುಳುಗುವುದರೊಳಗೆ ಸಿಂಹಾಸನ ನನಗೆ ಬಿಡಬೇಕು. ಇಲ್ಲವೋ, ಆನೆ ಏರಿ ಒಡೆಯುತ್ತದೆ, ಊರು ಮುಳುಗುತ್ತದೆ!"

ಕೇತಯ್ಯ ಓಡಿಬಂದು ಸಿಂಹದ ಬಾಯೊಳಗಿನ ಓಲೆಗೆ ಕೈ ಚಾಚಿದರು. ಮಾಂತ್ರಿಕ ಹೊಗೆ ಊದಿದ. ಚಾಚಿದ ಕೈ ಚಾಚಿದಂತೆಯೇ ಅವರು ತಾಮ್ರದ ಬೊಂಬೆಯಾದರು.

ಒಮ್ಮೆ ಹೊಗೆ ಊದಿದರೆ ಮತ್ತೆ ಮೂರು ದಿನ ಅವನಿಗೆ ಊದಲು ಆಗುತ್ತಿರಲಿಲ್ಲ. ಮಾಚಲೆಗೆ ಇದ್ದದ್ದು ಅಷ್ಟೇ ಸಮಯ. 'ನನ್ನಿಂದಲೇ ಆಯಿತಲ್ಲ' ಎಂದು ತನ್ನನ್ನೇ ಬೈದುಕೊಂಡಳು. ಅವಳು ಓಲೆ ಎತ್ತಿಕೊಂಡಳು.

ಮೊದಲ ದಿನ ಕುದುರೆಯ ಹತ್ತಿರ ಹೋದಳು. ಅದು ಗಾಳಿಯಂತೆ ಸುತ್ತುತ್ತಿತ್ತು. ಗಡುಸುನುಡಿಯಲ್ಲಿ ಮೂರು ಪದ ಗೀಚಿ, ಎದುರಿಗೆ ಬಂದ ಕ್ಷಣದಲ್ಲಿ ಅದರ ಬಾಯಿಗೆ ತುರುಕಿದಳು. ಕುದುರೆ ನಿಂತಿತು. ಮರಳು ಮತ್ತೆ ಹಿಟ್ಟಾಯಿತು.

ಎರಡನೆಯ ದಿನ ಸಿಂಹ. ನಿನ್ನೆ ಗೆದ್ದ ಜಂಬದಲ್ಲಿ ಮತ್ತೆ ಗಡುಸುನುಡಿಯಲ್ಲೇ ಬರೆದಳು. ಒಂದು ಅಕ್ಷರದ ಕೊಂಬು ತಪ್ಪಿತು. ಅವಳ ಬಲಗೈ ಬೆರಳಿನಿಂದ ಮೊಣಕೈವರೆಗೆ ಕಲ್ಲಾಯಿತು! ಅಳುತ್ತಲೇ ಎಡಗೈಯಲ್ಲಿ ಕಟ್ಟುನುಡಿ ಬರೆಯಲು ಕೂತಳು. ಬರೆದದ್ದು ಅಳಿಸಿಹೋಯಿತು. ಇನ್ನೊಮ್ಮೆ ಬರೆದಳು, ಅದೂ ಅಳಿಸಿತು. "ಏನು ತಪ್ಪಿದೆ ಹೇಳಬಾರದಾ!" ಎಂದು ಓಲೆಯನ್ನೇ ಬೈದು, ತಾಳ್ಮೆಯಿಂದ ಅಕ್ಷರ ಅಕ್ಷರ ನೋಡಿ ತಿದ್ದಿದಳು. ಸಂಜೆಯ ಹೊತ್ತಿಗೆ ಬರಹ ನಿಂತಿತು. ಓಲೆ ಬಾಯಿಗಿಟ್ಟಳು. ಸಿಂಹ ಬಾಗಿಲು ಬಿಟ್ಟು ಬೆಕ್ಕಿನ ಹಾಗೆ ಮಲಗಿತು.

ಮೂರನೆಯ ದಿನ ಕೆರೆಯ ಏರಿ. ಎಡಗೈ ಸೋತು ಬರೆಯಲು ಆಗುತ್ತಿರಲಿಲ್ಲ. ಆನೆಗೋ ಉದ್ದದ ಅಪ್ಪಣೆ ಬೇಕು. ಅಲ್ಲಿ ಇದ್ದವಳು ಮೀನು ಮಾರುವ ದುಗ್ಗವ್ವ ಒಬ್ಬಳೇ. ಅವಳಿಗೆ ಬರುತ್ತಿದ್ದದ್ದು ತಿಳಿನುಡಿ ಮಾತ್ರ.

"ದುಗ್ಗವ್ವಾ, ನಾನು ಹೇಳ್ತೀನಿ, ನೀನು ಬರೀತೀಯಾ?"

"ಬರೀತೀನಿ, ಹೇಳವ್ವ."

"ಆನೆಯಪ್ಪಾ, ಏರಿಯಿಂದ ಇಳಿ. ತೂಬಿನ ಹಲಗೆ ಮೆಲ್ಲಗೆ ಎತ್ತು. ಆಯಿತು, ಕೊಡು."

ದುಗ್ಗವ್ವ ಕೊಡಲಿಲ್ಲ. ಓಲೆಯನ್ನು ಮತ್ತೊಮ್ಮೆ ಓದಿದಳು. "ಅಲ್ಲ ಕಣವ್ವ, ಎತ್ತು ಅಂದೆ. ಎಲ್ಲಿಗಂಟ ಎತ್ತಬೇಕು? ನಿಲ್ಲು ಅಂತ ಎಲ್ಲೂ ಇಲ್ವಲ್ಲ. ಹಲಗೆ ಕಿತ್ತು ಬರೋವರೆಗೂ ಎತ್ತಿದರೆ ನಮ್ಮ ಗತಿ?"

ಮಾಚಲೆ ತಿರುಗಿ ನೋಡಿದಳು. ಕೆರೆ ತುಂಬಿ ತುಳುಕುತ್ತಿತ್ತು. ಸೂರ್ಯ ಬೆಟ್ಟದ ಅಂಚು ಮುಟ್ಟಿದ್ದ. "ಮೂರು ಮೊಳ ಎತ್ತಿ ನಿಲ್ಲು ಅಂತ ಸೇರಿಸು ತಾಯಿ, ಬೇಗ!"

ಆನೆ ಕಾಲೆತ್ತಿ ಏರಿಯನ್ನು ತುಳಿಯಬೇಕು, ಅಷ್ಟರಲ್ಲಿ ದುಗ್ಗವ್ವ ಓಲೆಯನ್ನು ಅದರ ಬಾಯಿಗೆ ಎಸೆದಳು. ಆನೆ ಕಾಲಿಳಿಸಿತು. ಮೆಲ್ಲಗೆ ಕೆಳಗೆ ಬಂತು. ಹಲಗೆಯನ್ನು ಮೂರು ಮೊಳ ಎತ್ತಿ ನಿಂತಿತು. ಕಾಲುವೆಯಲ್ಲಿ ಗುಳುಗುಳು ಎಂದು ನೀರು ಹರಿಯಿತು.

ಮಾಂತ್ರಿಕನ ಕೊನೆಯ ಓಲೆಯೂ ಸುಟ್ಟಿತ್ತು. ಬಂಗಾರದ ಲೇಖನಿ ಕರಗಿಹೋಯಿತು. ಧೂಮಾಂಗದನ ಹೊಗೆಯೆಲ್ಲ ಖಾಲಿಯಾಗಿ, ಬುರುಜಿನ ಮೇಲೆ ಕೆಮ್ಮುವ ಒಬ್ಬ ಬಡಕಲ ಉಳಿದ. ಅರಸ ಅವನನ್ನು ಗಡಿ ದಾಟಿಸಿದ.

ತಪ್ಪೆಲ್ಲ ಸರಿಯಾದೊಡನೆ ಗಡುಸುನುಡಿಯ ಕೇಡೂ ತೀರಿ, ಮಾಚಲೆಯ ಬಲಗೈ ಜುಮ್ಮೆಂದಿತು. ಬೆರಳು ಆಡಿದವು. ಅವಳು ಬಿದ್ದಂಬೀಳ ಕೋಟೆಬಾಗಿಲಿಗೆ ಓಡಿದಳು. ಅಲ್ಲಿ ಕೇತಯ್ಯ ಕಣ್ಣುಜ್ಜಿಕೊಳ್ಳುತ್ತಿದ್ದರು. ಅವಳು ಕಾಲಿಗೆ ಬಿದ್ದು ಬಿಕ್ಕಿದಳು. "ನಿಮ್ಮ ಮಾತು ಕೇಳಲಿಲ್ಲ, ಗುರುಗಳೇ..."

"ಅಳೋದು ಆಮೇಲೆ. ಮೂರು ದಿನ ಕೈ ಚಾಚಿಕೊಂಡು ನಿಂತಿದ್ದೀನಿ, ಮೊದಲು ಈ ಭುಜ ನೀವಿ ಕೊಡು" ಎಂದರು ಕೇತಯ್ಯ.

ಅವಳು ನೀವುತ್ತಾ ನೀವುತ್ತಾ ನಗತೊಡಗಿದಳು. ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು. ಅಂದು ಮಣಿಕೂಟದ ಮನೆಮನೆಯಲ್ಲೂ ರೊಟ್ಟಿ ಬೆಂದಿತು. ಊರೆಲ್ಲ ಹೊಟ್ಟೆ ತುಂಬ ಉಂಡು, ಹರಿಯುವ ನೀರಿನ ಸದ್ದು ಕೇಳುತ್ತಾ ನಿಶ್ಚಿಂತೆಯಾಗಿ ಮಲಗಿತು.