ತಲೆದಿಂಬಿನ ಇನ್ನೊಂದು ಮಗ್ಗುಲು

"ತಲೆ, ತಲೆ! ತಲೆ ಬಗ್ಗಿಸು!" ಎಂದು ಅಪ್ಪ ಕೂಗಿದರು. ಅಷ್ಟರಲ್ಲಿ ಅವರ ಹಣೆಯೇ ಕಬ್ಬಿಣಕ್ಕೆ ಠಣ್ ಎಂದು ಬಡಿಯಿತು.

ಸಿಂಧೂರಳಿಗೆ ನಗು ತಡೆಯಲಾಗಲಿಲ್ಲ. ಮೊದಲು ಒಂದು ಕಾಲು ಹಾಕಿ, ಮೈ ಮುದುಡಿಕೊಂಡು, ಆ ದುಂಡನೆಯ ಬಾಗಿಲಿನಿಂದ ಆಚೆಗೆ ನುಸುಳಿದಳು. ನುಸುಳಿದವಳು ನಗುವುದನ್ನೇ ಮರೆತು ನಿಂತುಬಿಟ್ಟಳು.

ಎಲ್ಲಿ ನೋಡಿದರೂ ಪೈಪುಗಳು. ತಲೆಯ ಮೇಲೆ, ಪಕ್ಕದಲ್ಲಿ, ಕಾಲ ಹತ್ತಿರ. ಗಡಿಯಾರದ ಅಂಗಡಿಯಲ್ಲಿ ಇರುವ ಹಾಗೆ ಸಾಲು ಸಾಲು ಮೀಟರುಗಳು, ತಿರುಗಿಸುವ ಕೆಂಪು ಚಕ್ರಗಳು. ಎಣ್ಣೆ ಮತ್ತು ಕಬ್ಬಿಣದ ವಾಸನೆ.

ಅದು ನಿಜವಾದ ಸಬ್‌ಮರೀನ್. ಸಮುದ್ರದೊಳಗೆ ವರ್ಷಗಟ್ಟಲೆ ಓಡಾಡಿ, ಈಗ ವಿಶಾಖಪಟ್ಟಣದ ಬೀಚಿನ ಮರಳಲ್ಲಿ ಮ್ಯೂಸಿಯಂ ಆಗಿ ಕೂತಿತ್ತು. ಅಪ್ಪನ ಆಫೀಸಿನಲ್ಲಿ ಪ್ರವಾಸದ ಖರ್ಚು ಕೊಡುವ ಎಲ್‌ಟಿಸಿ ರಜೆ ಸಿಕ್ಕಿದ್ದರಿಂದ, ದೆಹಲಿಯ ಜನಕಪುರಿಯಿಂದ ಅಪ್ಪ, ಅಮ್ಮ, ಸಿಂಧೂರ ಮೂವರೂ ರೈಲು ಹತ್ತಿ ಬಂದಿದ್ದರು.

ಚಿಕ್ಕಿ ಬಂದಿರಲಿಲ್ಲ.

"ಅಂಕಲ್, ಕಿಟಕಿ ಎಲ್ಲಿ?" ಸಿಂಧೂರ ಹಿಂದಿಯಲ್ಲಿ ಕೇಳಿದಳು.

"ಇಲ್ಲ ಬೇಟಾ," ಎಂದರು ಗೈಡ್. ಅವರು ಮೊದಲು ನೌಕಾಪಡೆಯಲ್ಲಿ ಇದ್ದವರು.

"ಮತ್ತೆ ಹಗಲು ಯಾವ್ದು, ರಾತ್ರಿ ಯಾವ್ದು ಹೇಗೆ ಗೊತ್ತಾಗುತ್ತೆ?"

"ಪೂರಿ ಬಂದ್ರೆ ಬೆಳಿಗ್ಗೆ. ದಾಲ್ ಬಂದ್ರೆ ರಾತ್ರಿ!"

ಅಮ್ಮ ನಕ್ಕರು. ದೆಹಲಿ ಬಿಟ್ಟ ಮೇಲೆ ಅಮ್ಮ ನಕ್ಕಿದ್ದು ಇದೇ ಮೊದಲು. ಸಿಂಧೂರ ಓರೆಗಣ್ಣಿನಿಂದ ನೋಡಿದಳು. ಅಮ್ಮ ಯಾಕೆ ಮಂಕಾಗಿದ್ದಾರೆ ಎಂದು ಅವಳಿಗೆ ಗೊತ್ತಿತ್ತು.

ಧನ್ಯಾ ಚಿಕ್ಕಿ ಅಮ್ಮನ ತಂಗಿ. ಐಎಎಸ್ ಪರೀಕ್ಷೆಗೆ ಓದಲು ದೆಹಲಿಗೆ ಬಂದವಳು. ಸಂಜೆ ಓಲ್ಡ್ ರಾಜಿಂದರ್ ನಗರದಲ್ಲಿ ಕೋಚಿಂಗ್, ರಾತ್ರಿಯೆಲ್ಲ ಹಾಲ್‌ನಲ್ಲಿ ಓದು. ಬೆಳಿಗ್ಗೆ ಸಿಂಧೂರ ಸ್ಕೂಲಿಗೆ ಹೋದ ಮೇಲೆ ಅವಳ ಮಂಚದಲ್ಲಿ ಮಲಗುತ್ತಿದ್ದಳು. ಪುಟ್ಟ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇನ್ನೊಂದು ಮಂಚಕ್ಕೆ ಜಾಗ ಇರಲಿಲ್ಲ. ಸಿಂಧೂರ ಮನೆಗೆ ಬಂದಾಗ ಹಾಸಿಗೆ ಇನ್ನೂ ಬೆಚ್ಚಗಿರುತ್ತಿತ್ತು. ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು.

"ಇದು ನನ್ನ ಬೆಡ್!" ಎಂದು ಒಂದು ದಿನ ಸಿಂಧೂರ ಕಿರುಚಿದ್ದಳು. "ಚಿಕ್ಕಿ ಬೇರೆ ರೂಮ್ ಮಾಡ್ಕೊಂಡು ಹೋಗ್ಲಿ!"

ಚಿಕ್ಕಿ ಬಾಗಿಲಲ್ಲೇ ನಿಂತಿದ್ದಳು. "ಹೌದು ಪುಟ್ಟಿ, ನೀವು ಟೂರ್ ಮುಗಿಸಿ ಬರೋದ್ರೊಳಗೆ ಹುಡುಕ್ತೀನಿ," ಎಂದಿದ್ದಳು. ಅಮ್ಮ ಬೈದಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಇಲ್ಲಿ ಮಲಗ್ತಿದ್ರು ನೋಡಿ," ಎಂದರು ಗೈಡ್.

ಗೋಡೆಗೆ ಅಂಟಿಕೊಂಡು ಒಂದರ ಮೇಲೊಂದು ಕಿರಿದಾದ ಮಂಚಗಳಿದ್ದವು. ಒಂದರಲ್ಲಿ ನಾವಿಕನ ಗೊಂಬೆ ಮಲಗಿತ್ತು. ಮಗ್ಗುಲಾದರೆ ಮೂಗು ಪೈಪಿಗೆ ತಾಗುವಷ್ಟೇ ಜಾಗ.

"ಇಷ್ಟು ಜನಕ್ಕೆ ಇಷ್ಟೇನಾ?"

"ಎಲ್ಲರಿಗೂ ಒಂದೊಂದು ಎಲ್ಲಿಂದ ಬರಬೇಕು? ಒಬ್ಬ ಎದ್ದು ಕೆಲಸಕ್ಕೆ ಹೋಗ್ತಾನೆ. ಕೆಲಸ ಮುಗಿಸಿದವನು ಬಂದು ಅದೇ ಹಾಸಿಗೇಲಿ ಮಲಗ್ತಾನೆ. ಪಾಳಿ. ಹಾಸಿಗೆ ತಣ್ಣಗಾಗೋದೇ ಇಲ್ಲ."

ಸಿಂಧೂರ ಅಮ್ಮನ ಕಡೆ ನೋಡಲಿಲ್ಲ. "ಜಗಳ ಆಗ್ತಿರ್ಲಿಲ್ವಾ?"

"ಆಗ್ತಿತ್ತು, ಯಾಕಾಗಲ್ಲ? ಒಬ್ಬ ಸಾಕ್ಸ್ ಬಿಟ್ಟು ಹೋಗ್ತಿದ್ದ, ರಾಕ್ಷಸ!" ಗೈಡ್ ಮೂಗು ಹಿಡಿದು ತೋರಿಸಿದರು. "ಆದ್ರೆ ನನ್ನ ಜೊತೆಯವನು ಒಳ್ಳೆಯವನು. ಏಳುವಾಗ ತಲೆದಿಂಬು ತಿರುಗಿಸಿ ಇಡ್ತಿದ್ದ. ನನಗೆ ತಣ್ಣನೆಯ ಮಗ್ಗುಲು ಸಿಗಲಿ ಅಂತ."

ಅಮ್ಮ ಕೈಚಾಚಿ ಆ ಪುಟ್ಟ ದಿಂಬನ್ನು ಮೆಲ್ಲಗೆ ಮುಟ್ಟಿದರು.

"ಚಲೋ ಚಲೋ, ಹಿಂದೆ ಜನ ಕಾಯ್ತಿದ್ದಾರೆ," ಅಂದರು ಅಪ್ಪ. ಮುಂದಿನ ಬಾಗಿಲಿಗೂ ಠಣ್ ಎಂದು ಹಣೆ ಬಡಿದುಕೊಂಡರು.

ಹೊರಗೆ ಬಂದು ಸಿಂಧೂರ ಹಿಂತಿರುಗಿ ನೋಡಿದಳು. ಕಪ್ಪಗೆ, ಉದ್ದಕ್ಕೆ, ಮನೆಗಿಂತ ಎತ್ತರವಾಗಿ ಅದು ನಿಂತಿತ್ತು. ಅಷ್ಟು ದೊಡ್ಡದರ ಹೊಟ್ಟೆಯೊಳಗೆ, ಕಡಲಿನ ಕತ್ತಲೆಯಲ್ಲಿ, ಯಾರೋ ಒಬ್ಬ ಇನ್ನೊಬ್ಬನಿಗಾಗಿ ದಿಂಬು ತಿರುಗಿಸುತ್ತಿದ್ದ.

ರೈಲು ಇಳಿದು ಜನಕಪುರಿಯ ಮನೆ ಸೇರಿದಾಗ ಬೆಳಿಗ್ಗೆ ಆಗಿತ್ತು. ಬಾಗಿಲ ಬಳಿ ಹಗ್ಗ ಬಿಗಿದ ಸೂಟ್‌ಕೇಸ್. ಪಕ್ಕದಲ್ಲಿ ಪುಸ್ತಕದ ಎರಡು ರಟ್ಟಿನ ಪೆಟ್ಟಿಗೆ.

ಸಿಂಧೂರ ಒಳಗೆ ಓಡಿದಳು. ಚಿಕ್ಕಿ ಅವಳ ಮಂಚದಲ್ಲಿ ನಿದ್ದೆ ಹೋಗಿದ್ದಳು. ಸದ್ದಿಗೆ ಧಡಕ್ಕನೆ ಎದ್ದಳು.

"ಬಂದ್ಬಿಟ್ರಾ! ಅಯ್ಯೋ, ಈಗಷ್ಟೇ ಮಲಗಿದ್ದೆ ಪುಟ್ಟಿ. ಸಂಜೆ ಹೊಸ ರೂಮಿಗೆ ಹೋಗ್ತೀನಿ. ಬಾ, ನೀನು ಮಲಕ್ಕೊ, ಸುಸ್ತಾಗಿದ್ದೀಯ."

ಹೇಳುತ್ತಲೇ ಬೆಡ್‌ಶೀಟ್ ಎಳೆದು ಸರಿ ಮಾಡಿದಳು. ಕಣ್ಣು ಇನ್ನೂ ಅರ್ಧ ಮುಚ್ಚಿಯೇ ಇತ್ತು. ಕೈ ಮಾತ್ರ ತಾನಾಗಿಯೇ ತಲೆದಿಂಬನ್ನು ಎತ್ತಿ ತಿರುಗಿಸಿ ಇಟ್ಟಿತು.

ಸಿಂಧೂರ ದಿಂಬಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಕೆಳಗೆ ಕೈ ತೂರಿಸಿದಳು. ಬೆಚ್ಚಗಿತ್ತು.

ಹಾಸಿಗೆ ಬೆಚ್ಚಗಿರುತ್ತಿದ್ದದ್ದು ಅವಳಿಗೆ ನೆನಪಿತ್ತು. ದಿಂಬು? ದಿಂಬು ಯಾವತ್ತೂ ತಣ್ಣಗೇ ಇರುತ್ತಿತ್ತು.

"ಚಿಕ್ಕಿ," ಎಂದಳು. "ನೀನೇ ಮಲಕ್ಕೊ. ಇದು ನಿನ್ನ ಪಾಳಿ."

"ಏನಂದೆ?"

ಸಿಂಧೂರ ಹಾಲ್‌ಗೆ ಹೋಗಿ, ಸೂಟ್‌ಕೇಸಿನ ಹಗ್ಗ ಹಿಡಿದು, ಎರಡೂ ಕೈಯಿಂದ ಅದನ್ನು ಒಳಗೆ ಎಳೆಯತೊಡಗಿದಳು. ಅದು ಬಹಳ ಭಾರವಿತ್ತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಅಮ್ಮನೂ ತಳ್ಳಿದರು.